ರಂಜಕದ ಮೂರು ರಿಪೋರ್ಟುಗಳು

ನೀಲಿ ಬಣ್ಣ ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದರಲ್ಲೂ ಗಾಜಿನ ಟ್ಯೂಬಿನೊಳಗೆ ಐದು ನಿಮಿಷದಲ್ಲಿ ಏಳುವ ಆ ತಿಳಿನೀಲಿ ಕಣ್ಣೆದುರು ಬಂದರೆ ಸಾಕು, ಆ ನಾಲ್ಕೈದು ತಿಂಗಳು ಪೂರ್ತಿ ನೆನಪಾಗಿ ನನ್ನ ಮೇಲೆಯೇ ಸಿಟ್ಟು ಬರುತ್ತದೆ.

ಅರವತ್ತರ ದಶಕದ ನಡುವಿನ ಮಾತು. ಬಂಟ್ವಾಳದ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ ನಾನು ಲ್ಯಾಬ್ ಟೆಕ್ನಿಶಿಯನ್. ಲ್ಯಾಬ್ ಎಂದರೆ ಮಹಡಿಯ ಮೇಲಿನ ಒಂದು ಕೋಣೆ, ಉತ್ತರಕ್ಕೊಂದು ಕಿಟಕಿ, ಒಂದು ಮೈಕ್ರೋಸ್ಕೋಪು, ಎರಡು ಬಣ್ಣ ಹೋಲಿಸುವ ಒಂದು ಕಲರಿಮೀಟರು, ರಕ್ತದ ತಿಳಿ ಬೇರ್ಪಡಿಸಲು ಕೈಯಲ್ಲಿ ತಿರುಗಿಸುವ ಒಂದು ಸೆಂಟ್ರಿಫ್ಯೂಜು, ಅಷ್ಟೇ. ಬೆಳ್ತಂಗಡಿ, ಚಾರ್ಮಾಡಿ, ಮೂಡುಬಿದಿರೆ ಕಡೆಯಿಂದೆಲ್ಲ ಬಸ್ಸಿನಲ್ಲಿ ರೋಗಿಗಳು ಬರುತ್ತಿದ್ದರು. ಮೂತ್ರ, ಮಲ, ರಕ್ತದ ಸಕ್ಕರೆ ನೋಡಿಕೊಂಡು ಸುಖವಾಗಿದ್ದವನಿಗೆ ಆ ಜನವರಿಯಲ್ಲಿ ಡಾಕ್ಟರು ಹೊಸ ಕೆಲಸ ಹಚ್ಚಿದರು. ಆಸ್ಪತ್ರೆ ಅವರದೇ. ಮದ್ರಾಸಿನಲ್ಲಿ ಓದಿ ಬಂದವರು, ಮೂಗಿನ ತುದಿಯಲ್ಲಿ ಕೋಪ.

"ಇನ್ನು ರಕ್ತದ ರಂಜಕವನ್ನೂ ಇಲ್ಲೇ ನೋಡುವ ಮಾರಾಯ. ಮಂಗಳೂರಿಗೆ ಕಳಿಸಿದ್ರೆ ರಿಪೋರ್ಟು ಬರುವಷ್ಟರಲ್ಲಿ ರೋಗಿಯೇ ಊರು ಬಿಟ್ಟಿರ್ತಾನೆ."

ರಂಜಕ ಎಂದರೆ ಬೆಂಕಿಪೆಟ್ಟಿಗೆಯ ಸಾಮಾನು ಎಂದು ಜನ ತಿಳಿದಿದ್ದ ಕಾಲ. ಆದರೆ ನಮ್ಮ ಮೂಳೆ ಗಟ್ಟಿಯಾಗಿ ನಿಂತಿರುವುದೇ ಸುಣ್ಣ ಮತ್ತು ರಂಜಕ ಎರಡೂ ಸೇರಿ. ಮೂತ್ರಪಿಂಡ ಕೆಟ್ಟರೆ ರಕ್ತದಲ್ಲಿ ಅದು ಏರುತ್ತದೆ. ಕೆಲವು ರೋಗಗಳಲ್ಲಿ ಇಳಿದು, ಮೂಳೆ ಮೆತ್ತಗಾಗಿ, ನಡೆಯುವುದೇ ಕಷ್ಟವಾಗುತ್ತದೆ. ದೊಡ್ಡವರಿಗೆ ನೂರು ಮಿಲಿಲೀಟರ್ ರಕ್ತದ್ರವದಲ್ಲಿ ಎರಡೂವರೆಯಿಂದ ನಾಲ್ಕೂವರೆ ಮಿಲಿಗ್ರಾಂ ಇದ್ದರೆ ಸರಿ ಎಂದು ಲೆಕ್ಕ. ಅದನ್ನು ಕಂಡುಹಿಡಿಯುವ ವಿಧಾನ ಕೇಳುವುದಕ್ಕೆ ಸುಲಭ. ರಕ್ತದ್ರವಕ್ಕೆ ಒಂದು ಆಮ್ಲ ಸೇರಿಸಿ ಪ್ರೋಟೀನನ್ನು ಬೀಳಿಸಬೇಕು, ಸೋಸಬೇಕು, ತಿಳಿಗೆ ಮಾಲಿಬ್ಡೇಟ್ ದ್ರಾವಣ ಹಾಕಬೇಕು, ಆಮೇಲೆ ಇನ್ನೊಂದು ದ್ರಾವಣದ ಕೆಲವು ತೊಟ್ಟು. ರಂಜಕ ಇದ್ದಷ್ಟು ನೀಲಿ. ಆ ನೀಲಿಯನ್ನು ಕಿಟಕಿಯ ಬೆಳಕಿನಲ್ಲಿ ಕಲರಿಮೀಟರಿನ ಒಂದು ಬಟ್ಟಲಿಗೆ ಹಾಕಿ, ಗೊತ್ತಿರುವ ನೀಲಿಯನ್ನು ಇನ್ನೊಂದು ಬಟ್ಟಲಿಗೆ ಹಾಕಿ, ಒಂದೇ ಕಣ್ಣಲ್ಲಿ ಎರಡನ್ನೂ ಹೋಲಿಸಿ ನೋಡಬೇಕು. ಜೊತೆಗೆ ರಕ್ತವೇ ಇಲ್ಲದ, ಬರೀ ದ್ರಾವಣಗಳ ಒಂದು ಟ್ಯೂಬು ಇಡಬೇಕು. ಅದಕ್ಕೆ ಬ್ಲಾಂಕ್ ಎನ್ನುತ್ತಾರೆ. ಅದು ನೀರಿನಂತೆ ತಿಳಿಯಾಗಿಯೇ ಉಳಿದರೆ ನಿಮ್ಮ ಸಾಮಾನೆಲ್ಲ ಶುದ್ಧ ಎಂದರ್ಥ.

ಬ್ಲಾಂಕಿಗೂ ಹೋಲಿಕೆಯ ನೀಲಿಗೂ ನಾನು ಎರಡು ಒಳ್ಳೆಯ ಟ್ಯೂಬುಗಳನ್ನು ಬೇರೆ ಮಾಡಿ ಕುತ್ತಿಗೆಗೆ ಕೆಂಪು ದಾರ ಕಟ್ಟಿದ್ದೆ. ಅವನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಗಂಧಕಾಮ್ಲದಲ್ಲಿ ನಾನೇ ತೊಳೆದು, ಡಿಸ್ಟಿಲ್ಡ್ ವಾಟರಿನಲ್ಲಿ ನಾನೇ ಜಾಲಿಸಿ, ನಾನೇ ಒಣಗಿಸುವುದು. ಉಳಿದ ಗಾಜಿನ ಸಾಮಾನು ತೊಳೆಯಲು ಒಬ್ಬರು ಆಯಾ ಇದ್ದರು. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ನಾನು ಅಕ್ಕ ಎಂದು ಕರೆಯುತ್ತಿದ್ದೆ. ಮನೆಮಾತು ತುಳು; ಆಸ್ಪತ್ರೆಯೊಳಗೆ ಬಂದರೆ ಮಾತ್ರ ಪುಸ್ತಕದ ಹಾಗೆ ನಿಧಾನ ಕನ್ನಡ.

ಕೆಲಸ ಶುರುವಾದ ವಾರದಲ್ಲೇ ತೊಳೆಯುವ ಆಮ್ಲ ಬಿದ್ದು ಅಕ್ಕನ ಅಂಗೈ ಸುಟ್ಟಿತು. ಔಷಧ ಹಚ್ಚುವಾಗ ನನಗೆ ಪಾಪ ಎನಿಸಿತು, ಕಿರಿಕಿರಿಯೂ ಆಯಿತು. ಅವತ್ತು ಬೆಳಗ್ಗೆಯಿಂದ ಹತ್ತು ಕೆಲಸ ಬಾಕಿ ಇದ್ದವು.

"ಇನ್ನು ಆ ಆಸಿಡ್ ಮುಟ್ಟಬೇಡಿ ಅಕ್ಕ. ಮನೆಯಲ್ಲಿ ಪಾತ್ರೆ ಹೇಗೆ ತೊಳಿತೀರಿ, ಹಾಗೇ ತೊಳೀರಿ. ಚೊಕ್ಕ ಆದ್ರೆ ಸಾಕು" ಎಂದೆ. ಹೋಗುವಾಗ ಇನ್ನೊಂದು ಮಾತೂ ಸೇರಿಸಿದೆ: "ಡಿಸ್ಟಿಲ್ಡ್ ವಾಟರ್ ಪೋಲು ಮಾಡಬೇಡಿ. ಬಾವಿ ನೀರು ಸಾಕು."

ಇಷ್ಟು ಹೇಳಿ ಮರೆತೆ. ಮರೆತದ್ದು ಎಂದರೆ ಪೂರ್ತಿ ಮರೆತದ್ದು.

ಫೆಬ್ರವರಿ ಹೊತ್ತಿಗೆ ನನ್ನ ತಲೆ ಕೆಟ್ಟು ಹೋಗಿತ್ತು. ಗಟ್ಟಿಮುಟ್ಟಾದ ಲಾರಿ ಡ್ರೈವರನ ರಕ್ತದಲ್ಲಿ ರಂಜಕ ಆರು. ಕೈಗೆ ಪೆಟ್ಟಾಗಿ ಬಂದ ಮೀನಿನ ವ್ಯಾಪಾರಿಗೆ ಏಳು. ಅದೇ ಮನುಷ್ಯನಿಗೆ ಮಾರನೆಯ ದಿನ ನಾಲ್ಕು. ಡಾಕ್ಟರು ಡ್ರೈವರನ ರಿಪೋರ್ಟು ಹಿಡಿದುಕೊಂಡು ಮಹಡಿ ಹತ್ತಿ ಬಂದರು.

"ಇದು ಎಂತದು ಮಾರಾಯ? ಈ ಮನುಷ್ಯನಿಗೆ ಕಿಡ್ನಿ ಹೋಗಿದೆಯಾ? ಅವ ಕೆಳಗೆ ಕೂತು ನಾಲ್ಕು ಇಡ್ಲಿ ತಿಂತಾ ಇದ್ದಾನೆ!"

ನಾನು ದ್ರಾವಣಗಳ ಮೇಲೆ ಗೂಬೆ ಕೂರಿಸಿದೆ. ನೀಲಿ ಬರಿಸುವ ಆ ಎರಡನೆಯ ದ್ರಾವಣ ಸೆಕೆಗೆ ಬೇಗ ಕೆಡುತ್ತದೆ ಎಂದು ಹೊಸದು ಮಾಡಿದೆ. ಫಲ ಅದೇ. ಮಾಲಿಬ್ಡೇಟನ್ನು ಮಂಗಳೂರಿನಿಂದ ಹೊಸ ಬಾಟ್ಲಿ ತರಿಸಿದೆ. ಫಲ ಅದೇ. ಆಮೇಲೆ ಬಸ್ಸಿನ ಮೇಲೆ ಅನುಮಾನ ಬಂತು. ಬೆಳ್ತಂಗಡಿಯ ಒಬ್ಬ ವೈದ್ಯರು ರೋಗಿಗಳ ರಕ್ತವನ್ನು ಕಂಡಕ್ಟರನ ಕೈಯಲ್ಲಿ ಕಳಿಸುತ್ತಿದ್ದರು. ಆ ರಸ್ತೆಯಲ್ಲಿ ಕುಲುಕಿದರೆ ರಕ್ತಕಣ ಒಡೆದು ಒಳಗಿನ ರಂಜಕ ಹೊರಗೆ ಬರುತ್ತದೆ, ಲೆಕ್ಕ ಏರುತ್ತದೆ. ಇದು ಪುಸ್ತಕದಲ್ಲೇ ಉಂಟು. ಸರಿ, ಸಿಕ್ಕಿತು ಕಳ್ಳ ಎಂದುಕೊಂಡು ಬಸ್ಸಿನ ರಕ್ತವನ್ನೇ ನಿಲ್ಲಿಸಿದೆ. ರೋಗಿಗಳನ್ನೇ ಬರಹೇಳಿ, ಕುಳ್ಳಿರಿಸಿ, ನಿಧಾನವಾಗಿ ರಕ್ತ ತೆಗೆದು, ಅರ್ಧ ಗಂಟೆಯೊಳಗೆ ಸೆಂಟ್ರಿಫ್ಯೂಜ್ ತಿರುಗಿಸಿದೆ. ತೋಳು ಬಿದ್ದು ಹೋಗುವಷ್ಟು ತಿರುಗಿಸಿದೆ. ಲೆಕ್ಕ ಮತ್ತೆ ಐದು, ಆರು, ಮೂರೂವರೆ, ಏಳು. ಥತ್, ಯಾವ ಕರ್ಮ ಮಾಡಿದ್ದೆನೋ ಎಂದು ಒಬ್ಬನೇ ಕೂತು ಬೈದುಕೊಂಡೆ.

ಪ್ರತಿ ಸಲವೂ ನನ್ನ ಬ್ಲಾಂಕ್ ಮಾತ್ರ ನೀರಿನಂತೆ ತಿಳಿ. ಅದನ್ನು ಬೆಳಕಿಗೆ ಹಿಡಿದು ಡಾಕ್ಟರಿಗೆ ತೋರಿಸುತ್ತಿದ್ದೆ. "ನೋಡಿ ಡಾಕ್ಟ್ರೇ, ನನ್ನ ಸಾಮಾನಿನಲ್ಲಿ ದೋಷ ಇಲ್ಲ. ದೋಷ ರೋಗಿಯಲ್ಲೇ ಉಂಟು." ಎಷ್ಟು ಸೊಕ್ಕು! ಉಳಿದ ಟ್ಯೂಬುಗಳೂ ಕನ್ನಡಿಯ ಹಾಗೆ ಹೊಳೆಯುತ್ತಿದ್ದವು. ಬಂದವರೆದುರು ಅಕ್ಕನ ಕೈಗುಣ ಹೊಗಳಿದ್ದೂ ಉಂಟು.

ಈ ಗೊಂದಲ ಶುರುವಾಗುತ್ತಿದ್ದಾಗಲೇ, ಜನವರಿಯ ಕೊನೆಗೆ, ಟೀಚರು ಬಂದದ್ದು. ತೋಡಾರಿನವರು, ಮೂವತ್ತರ ಒಳಗಿನ ಪ್ರಾಯ, ಅಣ್ಣನ ಮನೆಯಲ್ಲಿ ವಾಸ. ಮಿಜಾರಿನ ಹತ್ತಿರದ ಒಂದು ಅನುದಾನಿತ ಶಾಲೆಯಲ್ಲಿ ಕೆಲಸ. ಒಂದು ವರ್ಷದಿಂದ ಸೊಂಟ, ತೊಡೆ, ಪಕ್ಕೆಲುಬು ಎಲ್ಲ ನೋವು. ಕಾಲು ಎತ್ತಿಡಲಾಗದೆ ಅತ್ತಿತ್ತ ವಾಲಿಕೊಂಡು ನಡೆಯುತ್ತಿದ್ದರು. ಕುರ್ಚಿಯಿಂದ ಏಳಬೇಕಾದರೆ ಮೇಜು ಹಿಡಿಯಬೇಕು. ಜೈನರು, ಸೂರ್ಯ ಮುಳುಗಿದ ಮೇಲೆ ಊಟವಿಲ್ಲ. ಹಾಗಾಗಿ ಬರಿಹೊಟ್ಟೆಯ ರಕ್ತಕ್ಕೆ ನಾನು ವಿಶೇಷವಾಗಿ ಏನೂ ಹೇಳಬೇಕಾಗಲಿಲ್ಲ. ಬೆಳಗಿನ ಮೊದಲ ಬಸ್ಸಿನಲ್ಲಿ ಮೂಡುಬಿದಿರೆಗೆ ಬಂದು, ಅಲ್ಲಿಂದ ಸಿದ್ಧಕಟ್ಟೆ ದಾರಿಯಾಗಿ ಬಂಟ್ವಾಳಕ್ಕೆ, ಒಂದು ತೊಟ್ಟು ನೀರೂ ಕುಡಿಯದೆ.

ಡಾಕ್ಟರಿಗೆ ಮೂಳೆ ಮೆತ್ತಗಾಗುವ ರೋಗದ ಸಂಶಯವಿತ್ತು. "ರಂಜಕ ಕಡಿಮೆ ಇದ್ರೆ ಹಿಡಿದೇಬಿಟ್ಟೆ" ಎಂದರು. ನನ್ನ ಲೆಕ್ಕದಲ್ಲಿ ಆ ಸಲ ಬಂದದ್ದು ಮೂರು ಪಾಯಿಂಟ್ ಮೂರು. ಫೆಬ್ರವರಿಯಲ್ಲಿ ಎರಡು ಪಾಯಿಂಟ್ ಒಂಬತ್ತು. ಮಾರ್ಚಿನಲ್ಲಿ ಮೂರು ಪಾಯಿಂಟ್ ಆರು. ಡ್ರೈವರನ ಆರನ್ನು ನಂಬದೆ ಜಗಳಕ್ಕೆ ಬಂದ ಡಾಕ್ಟರು ಈ ಮೂರನ್ನು ನೋಡಿ ಸರಿ ಎಂದು ತಲೆಯಾಡಿಸಿದರು. ನಾನೂ ಉಸಿರು ಬಿಟ್ಟೆ. ಅಂತೂ ಒಬ್ಬರದ್ದಾದರೂ ಸರಿಯಾಗಿ ಬಂತಲ್ಲ!

ಡಾಕ್ಟರು ಸರ್ಟಿಫಿಕೇಟು ಬರೆದರು: ಪರೀಕ್ಷೆಗಳಲ್ಲಿ ಯಾವ ರೋಗವೂ ಕಂಡುಬಂದಿಲ್ಲ, ಮನಸ್ಸಿಗೆ ವಿಶ್ರಾಂತಿ ಬೇಕು. ಅದನ್ನು ಓದಿದ ಶಾಲೆಯ ಸಂಚಾಲಕರು, ಎಂದರೆ ಆಡಳಿತ ನೋಡಿಕೊಳ್ಳುವವರು, ರಜೆ ಕೊಡಲಿಲ್ಲ. ರೋಗವಿಲ್ಲದೆ ರಜೆ ಹಾಕಿದ್ದು ಅಶಿಸ್ತು, ಮೇ ತಿಂಗಳ ಸಮಿತಿ ಸಭೆಯಲ್ಲಿ ಕೆಲಸದಿಂದ ತೆಗೆಯುತ್ತೇವೆ ಎಂದು ನೋಟೀಸು ಕೊಟ್ಟರು. ಇದನ್ನು ಅವರ ಅಣ್ಣ ಬಂದು ಹೇಳಿದಾಗ ನಾನು ಅಯ್ಯೋ ಪಾಪ ಎಂದು ನನ್ನ ಕೆಲಸಕ್ಕೆ ಹೋದೆ.

ಏಪ್ರಿಲಿನಲ್ಲಿ ಒಂದು ದಿನ ಕೆಂಪು ದಾರದ ಬ್ಲಾಂಕ್ ಟ್ಯೂಬು ನನ್ನ ಕೈಯಿಂದಲೇ ಜಾರಿ ಬಿರುಕು ಬಿಟ್ಟಿತು. ಸ್ಟ್ಯಾಂಡಿನಿಂದ ಒಂದು ಸಾಮಾನ್ಯ ಟ್ಯೂಬು ತೆಗೆದುಕೊಂಡು ಅದರಲ್ಲೇ ಬ್ಲಾಂಕ್ ಇಟ್ಟೆ. ಐದು ನಿಮಿಷ ಬಿಟ್ಟು ನೋಡಿದರೆ ಅದು ನೀಲಿ!

ರಕ್ತವೇ ಇಲ್ಲ, ನೀಲಿ ಎಲ್ಲಿಂದ ಬಂತು? ಇನ್ನೂ ಮೂರು ಟ್ಯೂಬು ತೆಗೆದು ಬರೀ ಡಿಸ್ಟಿಲ್ಡ್ ವಾಟರಿಗೆ ದ್ರಾವಣ ಹಾಕಿದೆ. ಒಂದು ತಿಳಿನೀಲಿ, ಒಂದು ಅದಕ್ಕಿಂತ ಗಾಢ, ಒಂದು ಎರಡರ ನಡುವೆ. ಕೆಳಗೆ ಓಡಿದೆ. ಆಸ್ಪತ್ರೆಯ ಹಿಂದೆ ಬಿಸಿನೀರಿನ ಹಂಡೆಯ ಒಲೆಯ ಪಕ್ಕ ಅಕ್ಕ ಕುಕ್ಕರಗಾಲಲ್ಲಿ ಕೂತಿದ್ದರು. ಒಂದು ಕೈಯಲ್ಲಿ ನನ್ನ ಟ್ಯೂಬು, ಇನ್ನೊಂದರಲ್ಲಿ ತೆಂಗಿನ ನಾರು, ಎದುರಿಗೆ ತೆಂಗಿನ ಚಿಪ್ಪಿನ ಗೆರಟೆ ತುಂಬ ನುಣ್ಣನೆಯ ಬೂದಿ.

"ಅಕ್ಕ, ಯಾವಾಗಿಂದ ಬೂದಿಯಲ್ಲಿ ತೊಳೀತಾ ಇದ್ದೀರಿ?"

"ನೀವು ಹೇಳಿದಾಗಿಂದ, ರಾಯರೇ. ಜರಡಿ ಹಿಡಿದ ಬೂದಿ, ಒಂದು ಗೀರು ಬೀಳುದಿಲ್ಲ. ಇದರಷ್ಟು ಒಳ್ಳೇ ಬೂದಿ ಪೇಟೆಯಲ್ಲಿ ಸಿಗುದಿಲ್ಲ. ಮಿಕ್ಕಿದ್ದನ್ನು ನಾನು ಮನೆಗೆ ತೆಗೊಂಡು ಹೋಗಿ ತೆಂಗಿನ ಬುಡಕ್ಕೆ ಹಾಕ್ತೇನೆ."

ತೆಂಗಿನ ಬುಡಕ್ಕೆ ಬೂದಿ ಯಾಕೆ ಹಾಕುತ್ತಾರೆ ಎಂದು ನನಗೆ ಗೊತ್ತಿಲ್ಲವೇ? ಅದು ಗೊಬ್ಬರ. ಅದರಲ್ಲಿ ರಂಜಕ ಇದೆ. ಬಾವಿ ನೀರಿಗೆ ಹೋಗದೆ ಗಾಜಿಗೆ ಅಂಟಿ ಉಳಿದ ಕಣ್ಣಿಗೆ ಕಾಣದ ಬೂದಿ, ನಾನು ಆಮ್ಲ ಹಾಕಿದ ಕೂಡಲೇ ಕರಗಿ ರೋಗಿಯ ಲೆಕ್ಕಕ್ಕೆ ಸೇರುತ್ತಿತ್ತು. ಆಮ್ಲದಲ್ಲಿ ತೊಳೆದ ನನ್ನ ಬ್ಲಾಂಕ್ ಟ್ಯೂಬಿಗೆ ಮಾತ್ರ ಬೂದಿ ತಾಗುತ್ತಿರಲಿಲ್ಲ. ದೋಷ ಹಿಡಿಯಲೆಂದು ಇಟ್ಟ ಟ್ಯೂಬನ್ನೇ ನಾನು ದೋಷ ತಾಗದಂತೆ ಕಾಪಾಡಿದ್ದೆ. ಇಂಥ ಪೆದ್ದುತನ ಬೇರೆ ಯಾರಾದರೂ ಮಾಡಿದ್ದರೆ ಒಂದು ವಾರ ನಕ್ಕಿರುತ್ತಿದ್ದೆ.

ಒಲೆಯ ಪಕ್ಕ ನಿಂತಿದ್ದಾಗಲೇ ಟೀಚರ ಲೆಕ್ಕ ತಲೆಗೆ ಬಂತು. ಎಲ್ಲರದ್ದೂ ಬೂದಿಯಿಂದ ಏರಿದೆ ಎಂದಾದರೆ, ಅವರ ಮೂರು ಪಾಯಿಂಟ್ ಮೂರು ನಿಜವಾಗಿ ಎಷ್ಟಿತ್ತು?

ಡಾಕ್ಟರು ಕೇಳಿ ಐದು ನಿಮಿಷ ಬೈದರು. ಬೈದು ಮುಗಿಸಿ, "ಹೋಗಿ ಪುನಃ ರಕ್ತ ತೆಗೊಂಡು ಬಾ" ಎಂದರು. ಎರಡು ದಿನ ಎಲ್ಲ ಟ್ಯೂಬುಗಳನ್ನೂ ನಾನೇ ಆಮ್ಲದಲ್ಲಿ ನೆನೆಸಿ ತೊಳೆದೆ. ಪ್ರತಿಯೊಂದರಲ್ಲೂ ಬ್ಲಾಂಕ್ ಮಾಡಿ, ತಿಳಿಯಾಗಿ ಉಳಿದವನ್ನು ಮಾತ್ರ ಆರಿಸಿದೆ. ಭಾನುವಾರ ಬೆಳಗ್ಗೆ ಟ್ಯೂಬು, ಸಿರಿಂಜು, ಸೆಂಟ್ರಿಫ್ಯೂಜು ಎಲ್ಲವನ್ನೂ ಗೋಣಿಚೀಲದಲ್ಲಿ ಸುತ್ತಿ ತೋಡಾರಿಗೆ ಹೋದೆ.

ಟೀಚರು ಜಗಲಿಯ ಗೋಡೆಗೆ ಒರಗಿ ಕೂತಿದ್ದರು. ನಾನು ಬಂದ ಕಾರಣ ಕೇಳಿ ಮುಖ ತಿರುಗಿಸಿದರು.

"ಮೂರು ಸಲ ರಕ್ತ ಕೊಟ್ಟೆ. ಮೂರು ಸಲವೂ ನಾನು ಸುಳ್ಳಿ ಅಂತ ನಿಮ್ಮ ಕಾಗದ ಹೇಳಿತು. ಇನ್ನು ನಿಮಗೆ ಎಂತ ಬೇಕು?"

"ತಪ್ಪು ನಮ್ಮ ಲ್ಯಾಬಿನದ್ದು, ಟೀಚರ್. ಟ್ಯೂಬು ಸರಿ ಇರಲಿಲ್ಲ."

"ಈ ಸಲ ಸರಿ ಉಂಟು ಅಂತ ನಾನು ಹೇಗೆ ನಂಬುದು?"

ಅಂಗಿಯ ತೋಳು ಮೇಲೆ ಮಾಡಿ, ಅವರ ಅಣ್ಣನಿಗೆ ನನ್ನ ತೋಳಿಗೆ ಪಟ್ಟಿ ಬಿಗಿಯಲು ಹೇಳಿ, ಅವರ ಎದುರಿಗೇ ಮೊದಲು ನನ್ನ ರಕ್ತ ತೆಗೆದೆ. ನಾನೂ ಏನೂ ತಿಂದಿರಲಿಲ್ಲ. "ಎರಡನ್ನೂ ಒಟ್ಟಿಗೆ ಮಾಡ್ತೇನೆ. ನನ್ನದು ಹೆಚ್ಚು ಕಡಿಮೆ ಬಂದ್ರೆ ನಿಮ್ಮದನ್ನು ಎಸೆದುಬಿಡುವ" ಎಂದೆ. ಅವರು ಕೈ ಚಾಚಿದರು. ಸೆಂಟ್ರಿಫ್ಯೂಜನ್ನು ಅವರ ಜಗಲಿಯ ಬೆಂಚಿಗೇ ತಿರುಪು ಹಾಕಿ ತಿರುಗಿಸಿದೆ.

ಸಂಜೆಯ ಬೆಳಕು ಹೋಗುವ ಮೊದಲು ಬಂಟ್ವಾಳದಲ್ಲಿ ಲೆಕ್ಕ ನೋಡಿದೆ. ನನ್ನದು ಮೂರು ಪಾಯಿಂಟ್ ನಾಲ್ಕು. ಅವರದ್ದು ಒಂದು ಪಾಯಿಂಟ್ ಎರಡು. ಮತ್ತೆ ಮಾಡಿದೆ, ಒಂದು ಪಾಯಿಂಟ್ ಎರಡೇ. ಇಷ್ಟು ತಿಂಗಳ ಮೇಲೆ ಲೆಕ್ಕ ಅಲುಗಾಡದೆ ನಿಂತಿತು ಎಂದು ಒಂದು ಕ್ಷಣ ಖುಷಿಯಾಯಿತು, ದೇವರಾಣೆ. ಆಮೇಲೆ ಆ ಖುಷಿಗೆ ನಾಚಿಕೆಯಾಯಿತು.

ಡಾಕ್ಟರು ಟೀಚರನ್ನು ಕರೆಸಿ ಒಂದೇ ಪ್ರಶ್ನೆ ಕೇಳಿದರು: "ಬೇರೆ ಯಾವ ಮದ್ದು ತೆಗೊಳ್ತೀರಿ?" ಹೊಟ್ಟೆಯುರಿಗೆ ಅಂಗಡಿಯಿಂದ ತಂದ, ಹಾಲಿನಂಥ ಬಿಳಿ ಮದ್ದು, ನಾಲ್ಕು ವರ್ಷದಿಂದ, ದಿನಕ್ಕೆ ಐದಾರು ಸಲ. ಅದನ್ನು ಮದ್ದೆಂದು ಅವರು ಎಣಿಸಿರಲೇ ಇಲ್ಲ. ಅದರಲ್ಲಿದ್ದದ್ದು ಅಲ್ಯುಮಿನಿಯಂ. ಅದು ಊಟದ ರಂಜಕವನ್ನೆಲ್ಲ ಹೊಟ್ಟೆಯಲ್ಲೇ ಹಿಡಿದು ಹೊರಗೆ ಹಾಕುತ್ತದೆ, ಮೈಗೆ ಏನೂ ಸಿಗುವುದಿಲ್ಲ. ಡಾಕ್ಟರು ಬಾಟ್ಲಿ ಬಿಡಿಸಿದರು, ಹಾಲು ಮೊಸರು ಹೆಚ್ಚಿಸಿದರು, ರಂಜಕದ ಉಪ್ಪು ಬರೆದುಕೊಟ್ಟರು. ಎರಡನೆಯ ವಾರಕ್ಕೆ ನೋವು ಇಳಿಯತೊಡಗಿತು.

ಮೂರನೆಯ ವಾರ ಟೀಚರು ಒಬ್ಬರೇ ಬಂದರು. ಸಮಿತಿ ಸಭೆಗೆ ನಾಲ್ಕೇ ದಿನ ಇತ್ತು. ಡಾಕ್ಟರು ಕೊಟ್ಟ ಹೊಸ ಸರ್ಟಿಫಿಕೇಟನ್ನು ಸಂಚಾಲಕರು ಓದಿ, ರೋಗ ಸಿಕ್ಕಿದ್ದು ಏಪ್ರಿಲಿನಲ್ಲಿ, ಅದಕ್ಕಿಂತ ಮೊದಲಿನ ರಜೆಗೆ ಹಳೆಯ ಸರ್ಟಿಫಿಕೇಟೇ ಸಾಕ್ಷಿ ಎಂದರಂತೆ. ಹಳೆಯ ರಿಪೋರ್ಟುಗಳು ತಪ್ಪು ಎಂದು ಒಂದು ಕಾಗದ ಬೇಕಿತ್ತು. ಡಾಕ್ಟರು ಕೊಡಲಿಲ್ಲ. ನಾನು ಮೆಟ್ಟಿಲ ಮೇಲೆ ನಿಂತು ಎಲ್ಲ ಕೇಳುತ್ತಿದ್ದೆ.

"ನಿಮಗೆ ಗುಣ ಆಯ್ತಲ್ಲ ಟೀಚರ್. ತಪ್ಪು ಅಂತ ಬರೆದುಕೊಟ್ರೆ ನಾಳೆಯಿಂದ ನನ್ನ ಆಸ್ಪತ್ರೆಗೆ ಯಾರು ಬರ್ತಾರೆ?"

ಟೀಚರು ಹೊರಟುಹೋಗಲಿಲ್ಲ. ಪಕ್ಕದ ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು, ಮಹಡಿ ಹತ್ತಿ ಲ್ಯಾಬಿಗೆ ಬಂದರು. ಬೆವರು ಸುರಿಯುತ್ತಿತ್ತು. ಕೂರಿ ಎಂದೆ, ಕೂರಲಿಲ್ಲ.

"ಕಾಗದ ನೀವು ಕೊಡ್ತೀರಾ?"

ನನಗೆ ಮದುವೆಯಾಗಿ ಒಂದು ವರ್ಷ ಆಗಿತ್ತು. ಬೇರೆ ಲ್ಯಾಬ್ ಆ ಕಡೆ ಎಲ್ಲೂ ಇರಲಿಲ್ಲ. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಟೀಚರು ನೋವು ತಿನ್ನುತ್ತ ನಿಂತೇ ಇದ್ದರು. ಕಾಗದ ತೆಗೆದು ಬರೆದೆ: ಜನವರಿ, ಫೆಬ್ರವರಿ, ಮಾರ್ಚಿನ ಮೂರು ರಿಪೋರ್ಟುಗಳೂ ತಪ್ಪು, ಟ್ಯೂಬುಗಳನ್ನು ತೊಳೆಯುವ ಆಯಾ ಬೂದಿ ಬಳಸಿದ್ದರಿಂದ ಲೆಕ್ಕ ಏರಿತ್ತು, ಈ ರೋಗಿಗೆ ಆಗಲೂ ರೋಗವಿದ್ದಿರಲೇಬೇಕು. ಸಹಿ ಹಾಕಿ ಕೊಟ್ಟೆ. ದೊಡ್ಡ ತ್ಯಾಗ ಮಾಡಿದವನ ಹಾಗೆ ಎದೆ ಉಬ್ಬಿತ್ತು.

ಟೀಚರು ಎರಡು ಸಲ ಓದಿದರು.

"ಬೂದಿ ಹಾಕ್ಲಿಕ್ಕೆ ಆಯಾಗೆ ಯಾರು ಹೇಳಿದ್ದು?"

"ನಾನು."

"ಹಾಗಾದ್ರೆ ಹಾಗೆ ಬರೀರಿ. ತಾನು ಮಾಡದ ತಪ್ಪು ಕಾಗದದಲ್ಲಿ ಬಂದ್ರೆ ಹೇಗಾಗ್ತದೆ ಅಂತ ನನಗೆ ಗೊತ್ತುಂಟು."

ಮೈಮೇಲೆ ಬಿಸಿನೀರು ಬಿದ್ದಂತಾಯಿತು. ಆ ಕಾಗದ ಹರಿದು ಇನ್ನೊಂದು ಬರೆದೆ. ನನ್ನ ಆದೇಶದಂತೆ ಬೂದಿಯಲ್ಲಿ ತೊಳೆದ ಟ್ಯೂಬುಗಳು, ಪರೀಕ್ಷಿಸದೆ ನಾನು ನಂಬಿದ್ದು, ತಪ್ಪು ನನ್ನದು. ಅವರು ಓದಿ, ಮಡಚಿ, ಚೀಲಕ್ಕೆ ಹಾಕಿಕೊಂಡರು.

"ನಿಮ್ಮ ಕೆಲಸ ಹೋದೀತು" ಎಂದರು.

"ಹೋಗ್ಲಿ. ನೀವು ಬಸ್ಸಿಗೆ ಹೊರಡಿ" ಎಂದೆ. ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಹೇಳಬೇಕಾಗಿಲ್ಲ.

ಸಮಿತಿ ನೋಟೀಸು ಹಿಂದೆ ತೆಗೆದುಕೊಂಡಿತು. ಜೂನಿನಲ್ಲಿ ಶಾಲೆ ತೆರೆದಾಗ ಟೀಚರು ಕೆಲಸಕ್ಕೆ ಹೋದರು. ಡಾಕ್ಟರು ನನ್ನನ್ನು ಬೈಯಲಿಲ್ಲ. ಅದೇ ತಿಂಗಳ ಕೊನೆಗೆ ಬೇರೆ ಕಡೆ ನೋಡಿಕೊ ಎಂದು ಮೆಲ್ಲಗೆ ಹೇಳಿದರು, ಅಷ್ಟೇ.

ಕೊನೆಯ ದಿನ ಕೋಣೆಯ ಬೀಗದ ಕೈ ಕೊಡಲು ಕೆಳಗಿಳಿದಾಗ ಅಕ್ಕ ಎದುರಾದರು. ಟ್ಯೂಬು ಸರಿಯಾಗಿ ತೊಳೆಯದ್ದರಿಂದ ಏನೋ ದೊಡ್ಡ ರಾದ್ಧಾಂತವಾಗಿದೆ ಎಂದು ಆಸ್ಪತ್ರೆಯಲ್ಲಿ ಗುಸುಗುಸು ಹಬ್ಬಿತ್ತು. ಅವರ ಕಣ್ಣು ಕೆಂಪಾಗಿತ್ತು. ಈ ಸಲ ಕನ್ನಡ ಬಿಟ್ಟು ತುಳುವಿನಲ್ಲೇ ಕೇಳಿದರು, ನಾನು ಚೊಕ್ಕ ತೊಳೆಯಲಿಲ್ಲವಾ ರಾಯರೇ ಎಂದು.

"ತೊಳೆದಿದ್ದೀರಿ ಅಕ್ಕ," ಎಂದೆ, "ನಾನು ಹೇಳಿದ ಹಾಗೆಯೇ ತೊಳೆದಿದ್ದೀರಿ."